ವಾಯಿದೆಯಿಲ್ಲದ ಸೆರೆ: ಯುದ್ಧಕೈದಿಗಳ ಶಿಬಿರದಲ್ಲಿ ಹೊತ್ತು ಯಾಕೆ ಹೋಗುತ್ತಿರಲಿಲ್ಲ

ಮೆಟ್ರೊ ಜಾಲಹಳ್ಳಿ ನಿಲ್ದಾಣಕ್ಕೆ ಬಂದಾಗಲೆಲ್ಲ ನನ್ನ ಕಣ್ಣು ಕಿಟಕಿಯಾಚೆ ಹೋಗುತ್ತದೆ. ಈ ಕಡೆ ಬೆಳೆದವರಿಗೆ ಜಾಲಹಳ್ಳಿ ಅಂದರೆ ಎಚ್‌ಎಂಟಿ, ಬಿಇಎಲ್, ವಾಯುಪಡೆಯ ಉದ್ದನೆಯ ಕಾಂಪೌಂಡು ಗೋಡೆ. 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರುಮಾಡಿತು. ಮದುವೆಗೆ, ನಿವೃತ್ತಿಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಕೊಟ್ಟ ಆ ಗಡಿಯಾರಗಳು ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಇದೇ ಸೀಮೆಯಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ, ಇಟಲಿಯ ಸೈನಿಕರು ಹೊತ್ತು ಹೋಗದೆ ಕೂತಿದ್ದರು ಎಂಬುದು ನನಗೆ ತಿಳಿದದ್ದು ತೀರಾ ತಡವಾಗಿ. ತಿಳಿದ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡಿತು. ಆ ಜನ ದಿನವಿಡೀ ಏನು ಮಾಡುತ್ತಿದ್ದರು?

ಮೊದಲು ಅವರು ಇಲ್ಲಿಗೆ ಬಂದದ್ದು ಹೇಗೆ ಎಂದು ಹೇಳಿಬಿಡುತ್ತೇನೆ. 1940ರ ಡಿಸೆಂಬರ್ 9ರಂದು ಈಜಿಪ್ಟಿನ ಮರುಭೂಮಿಯಲ್ಲಿ ಬ್ರಿಟಿಷ್ ಸೇನೆ ಇಟಲಿಯ ಪಾಳೆಯಗಳ ಮೇಲೆ ದಾಳಿ ಶುರುಮಾಡಿತು. ಆ ದಾಳಿಯಲ್ಲಿ ಭಾರತದ ನಾಲ್ಕನೇ ಡಿವಿಷನ್ ಕೂಡ ಇತ್ತು. ಎರಡೇ ತಿಂಗಳಲ್ಲಿ ಸುಮಾರು 1,30,000 ಇಟಾಲಿಯನ್ ಸೈನಿಕರು ಸೆರೆಯಾದರು. ಅಷ್ಟು ಜನರಿಗೆ ಮರುಭೂಮಿಯಲ್ಲಿ ನೀರು, ಅನ್ನ ಒದಗಿಸುವುದು ಗೆದ್ದವರಿಗೇ ದೊಡ್ಡ ತಲೆನೋವಾಯಿತು. ಹಾಗಾಗಿ ಹಡಗು ಹತ್ತಿಸಿ ಸಾಮ್ರಾಜ್ಯದ ಮೂಲೆಮೂಲೆಗೆ ಸಾಗಿಸಿದರು: ಕೀನ್ಯಾ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಭಾರತ. ಭಾರತಕ್ಕೆ ಬಂದವರೇ ಅರವತ್ತು ಸಾವಿರಕ್ಕೂ ಹೆಚ್ಚು. ಡೆಹ್ರಾಡೂನ್, ಭೋಪಾಲ್, ಕಾಂಗ್ರಾ ಕಣಿವೆಯ ಯೋಲ್, ನಮ್ಮ ಬೆಂಗಳೂರು, ಹೀಗೆ ಹಲವು ಕಡೆ ಅವರ ಶಿಬಿರಗಳಿದ್ದವು.

ಕನ್ನಡ ನಾಡಿಗೆ ಇದು ಹೊಸದೂ ಅಲ್ಲ. 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸೋತ ಕಂಪನಿಯ ಅಧಿಕಾರಿಗಳನ್ನು ಶ್ರೀರಂಗಪಟ್ಟಣದಲ್ಲಿ ಇಟ್ಟಿದ್ದರು. ಅವರಲ್ಲೊಬ್ಬನಾದ ಡೇವಿಡ್ ಬೇರ್ಡ್ ಮೂರೂವರೆ ವರ್ಷ ಸೆರೆಯಲ್ಲಿ ಕಳೆದು 1784ರಲ್ಲಿ ಹೊರಬಂದ. 1799ರಲ್ಲಿ ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳಾದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರೊಡನೆ ಕಾದಾಡಿದ ದಕ್ಷಿಣ ಆಫ್ರಿಕದ ಬೋಯರ್ (ಡಚ್ ಮೂಲದ ವಲಸಿಗರು) ಕೈದಿಗಳನ್ನು, ಆಮೇಲೆ ಮೊದಲ ಮಹಾಯುದ್ಧದಲ್ಲಿ ತುರ್ಕಿಯ ಕೈದಿಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರು. ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಆ ಮಧ್ಯಾಹ್ನಗಳನ್ನು ಬಿಡಿಸಿ ಹೇಳಬೇಕಿಲ್ಲ.

ಯುದ್ಧಕೈದಿ ಅಪರಾಧಿಯಲ್ಲ. ಈ ಮಾತು ಸುಲಭವಾಗಿ ಕಾಣುತ್ತದೆ, ಆದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆಯೇ. ಅವನ ಮೇಲೆ ಮೊಕದ್ದಮೆ ಇಲ್ಲ, ತೀರ್ಪಿಲ್ಲ, ಶಿಕ್ಷೆಯೂ ಇಲ್ಲ. ಅವನು ಮತ್ತೆ ಬಂದೂಕು ಹಿಡಿದು ಎದುರು ನಿಲ್ಲಬಾರದೆಂದು ಹಿಡಿದಿಟ್ಟುಕೊಂಡಿರುತ್ತಾರೆ, ಅಷ್ಟೇ. ಕೇಳಲು ಮೃದುವಾಗಿದೆ. ಅದರ ಇನ್ನೊಂದು ಮಗ್ಗುಲು ಕ್ರೂರವಾದದ್ದು. ಪರಪ್ಪನ ಅಗ್ರಹಾರದ ಜೈಲಿನಲ್ಲಿ ಐದು ವರ್ಷದ ಶಿಕ್ಷೆಯಾದವನು ಮೊದಲ ರಾತ್ರಿಯೇ ಲೆಕ್ಕ ಹಾಕಬಲ್ಲ: ಇಷ್ಟು ದಿನ, ಇಂಥ ತಾರೀಕು. ಗೋಡೆಯ ಮೇಲೆ ಗೀರು ಹಾಕುತ್ತಾ ಹೋದರೆ ಗೀರು ಮುಗಿಯುವ ಒಂದು ದಿನ ಇದ್ದೇ ಇದೆ. (ವಿಚಾರಣಾಧೀನ ಕೈದಿಗಳಿಗೆ ಆ ಭಾಗ್ಯವೂ ಇಲ್ಲ, ಅದು ಬೇರೆಯೇ ಬರೆಯಬೇಕಾದ ನೋವು.) ಯುದ್ಧಕೈದಿಯ ಸೆರೆಗೆ ವಾಯಿದೆಯೇ ಇಲ್ಲ. ಯುದ್ಧ ಮುಗಿದಾಗ ಬಿಡುಗಡೆ. ಯುದ್ಧ ಯಾವಾಗ ಮುಗಿಯುತ್ತದೆ? ಅದನ್ನು ಕಾವಲಿನವನೂ ಅರಿಯ, ಶಿಬಿರದ ಕಮಾಂಡೆಂಟನೂ ಅರಿಯ.

ನಾವು ಕನ್ನಡದಲ್ಲಿ ಬೇಜಾರನ್ನು ‘ಹೊತ್ತು ಹೋಗ್ತಿಲ್ಲ’ ಎಂದು ಹೇಳುತ್ತೇವಲ್ಲ, ಅದರಲ್ಲಿ ಒಂದು ನಿಖರತೆ ಇದೆ. ಹೊತ್ತು ಅಂದರೆ ಕಾಲ, ಹೊತ್ತು ಅಂದರೆ ಸೂರ್ಯನೂ ಹೌದು. ಹೊತ್ತು ಹೋಗಬೇಕಾದರೆ ಅದು ಎಲ್ಲಿಗಾದರೂ ಹೋಗಬೇಕು. ಸಂಜೆಯ ಕಡೆಗೆ, ಭಾನುವಾರದ ಕಡೆಗೆ, ಊರ ಜಾತ್ರೆಯ ಕಡೆಗೆ, ಸಂಬಳದ ದಿನದ ಕಡೆಗೆ. ಹೋಗಿ ಸೇರುವ ಜಾಗವೇ ಇಲ್ಲದಿದ್ದರೆ ಹೊತ್ತು ನಿಂತಲ್ಲೇ ನಿಲ್ಲುತ್ತದೆ. ಯುದ್ಧಕೈದಿಗಳ ಬೇಸರ ಕೆಲಸವಿಲ್ಲದವನ ಬೇಸರವಲ್ಲ, ವಾಯಿದೆಯಿಲ್ಲದವನ ಬೇಸರ ಎಂದು ನಾನು ಹೇಳುವುದು ಇದಕ್ಕೇ.

ಇದನ್ನು ಮೊದಲು ರೋಗವೆಂದು ಗುರುತಿಸಿ ಬರೆದವನು ಸ್ವಿಟ್ಜರ್ಲೆಂಡಿನ ವೈದ್ಯ ಅಡಾಲ್ಫ್ ಲೂಕಾಸ್ ವಿಶರ್. ಮೊದಲ ಮಹಾಯುದ್ಧದ ಕಾಲದಲ್ಲಿ ಅವನು ಕೈದಿಗಳ ಶಿಬಿರಗಳನ್ನು ಸುತ್ತಿ ನೋಡಿದ. 1918ರಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದ. ಅವನು ಕೊಟ್ಟ ಜರ್ಮನ್ ಹೆಸರನ್ನು ಕನ್ನಡಕ್ಕೆ ತಂದರೆ ‘ಮುಳ್ಳುತಂತಿ ಬೇನೆ’ ಎನ್ನಬಹುದು. ಲಕ್ಷಣಗಳು ಹೀಗಿದ್ದವು: ಸಣ್ಣ ಮಾತಿಗೂ ಕೆರಳುವುದು, ಓದಲು ಕೂತರೆ ಒಂದು ಪುಟವೂ ಮುಂದೆ ಹೋಗದಿರುವುದು, ಪರಿಚಿತ ಊರುಗಳ ಮತ್ತು ಜನರ ಹೆಸರು ಮರೆತುಹೋಗುವುದು, ನಿದ್ದೆ ಬಾರದಿರುವುದು, ಬೇಲಿಯ ಉದ್ದಕ್ಕೂ ಗುರಿಯಿಲ್ಲದೆ ಅತ್ತಿಂದಿತ್ತ ನಡೆಯುವುದು, ಎಲ್ಲರ ಮೇಲೂ ಅನುಮಾನ. ಆರು ತಿಂಗಳಿಗಿಂತ ಹೆಚ್ಚು ಕಾಲ ತಂತಿಯೊಳಗಿದ್ದವರಲ್ಲಿ ಇದರಿಂದ ಪೂರ್ತಿ ಪಾರಾದವರು ಬಹಳ ಕಡಿಮೆ ಎಂಬುದು ಅವನ ಅನಿಸಿಕೆ. ಕಾರಣಗಳನ್ನೂ ಅವನು ಹೇಳಿದ. ಸ್ವಾತಂತ್ರ್ಯ ಹೋದದ್ದು ಒಂದು. ಸೆರೆ ಎಷ್ಟು ದಿನವೆಂದು ತಿಳಿಯದಿರುವುದು ಇನ್ನೊಂದು. ಮೂರನೆಯದು ಹೊರಗಿನವರಿಗೆ ತಟ್ಟನೆ ಹೊಳೆಯುವುದಿಲ್ಲ: ಒಂದು ಗಳಿಗೆಯೂ ಒಬ್ಬನೇ ಇರಲು ಆಗದಿರುವುದು.

ಸೆರೆ ಎಂದೊಡನೆ ನಾವು ಒಂಟಿತನವನ್ನು ಊಹಿಸುತ್ತೇವೆ. ಶಿಬಿರದಲ್ಲಿ ನಡೆಯುತ್ತಿದ್ದದ್ದು ತಿರುಗುಮುರುಗು. ಊಟ, ನಿದ್ದೆ, ಸ್ನಾನ, ಶೌಚ, ಪ್ರಾರ್ಥನೆ ಎಲ್ಲವೂ ಹತ್ತಾರು ಜನರ ಕಣ್ಣೆದುರೇ. ಪಕ್ಕದ ಮಂಚದವನು ಹೇಳುವ ಕಥೆ ನಿಮಗೆ ಬಾಯಿಪಾಠ. ಅವನು ಕೆಮ್ಮುವ ರೀತಿ, ಚಮಚದಿಂದ ತಟ್ಟೆ ಕೆರೆಯುವ ಸದ್ದು, ಹೆಂಡತಿಯ ಕಾಗದ ಓದುವಾಗ ಬಿಡುವ ಉಸಿರು, ಎಲ್ಲವೂ ಮೊದಲೇ ಗೊತ್ತು. ಹೊಸ ಮಾತಾಡುವ ಹೊಸ ಮನುಷ್ಯ ಬರುವುದಿಲ್ಲ. ಚಿಕ್ಕ ಮನೆಯಲ್ಲಿ ದೊಡ್ಡ ಸಂಸಾರ ನಡೆಸಿದವರಿಗೆ ಇದರ ಒಂದು ಎಳೆ ಸಿಕ್ಕೀತು. ಆದರೆ ಅಲ್ಲಿ ಬಾಗಿಲು ತೆಗೆದು ಬೀದಿ ತುದಿಯ ಅಂಗಡಿಗೆ ಹೋಗಿ ನಿಲ್ಲುವ ದಾರಿಯಾದರೂ ಇರುತ್ತದೆ.

ದಿನದ ಚೌಕಟ್ಟು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಎಣಿಸುವುದು. ಲೆಕ್ಕ ತಪ್ಪಿದರೆ ಮತ್ತೆ ಮೊದಲಿನಿಂದ. ತಿಂಡಿಗೆ ಸಾಲು. ಹಾಸಿಗೆ ಬಿಸಿಲಿಗೆ ಹಾಕುವುದು, ಬಟ್ಟೆ ಒಗೆಯುವುದು. ಊಟಕ್ಕೆ ಸಾಲು. ಆಮೇಲೆ ಉದ್ದದ, ಖಾಲಿಯಾದ ಮಧ್ಯಾಹ್ನ. ಸಂಜೆ ಮತ್ತೆ ಎಣಿಕೆ, ಮತ್ತೆ ಸಾಲು, ದೀಪ ಆರಿಸುವ ಹೊತ್ತು. ಇದರ ಹಿಂದೆ ಅಂತರರಾಷ್ಟ್ರೀಯ ಕಾನೂನೊಂದಿತ್ತು: 1929ರ ಜುಲೈ 27ರಂದು ಜಿನೀವಾದಲ್ಲಿ ಸಹಿಯಾದ ಯುದ್ಧಕೈದಿಗಳ ಒಪ್ಪಂದ, ಒಟ್ಟು 97 ವಿಧಿಗಳು. ಹಿಡಿದಿಟ್ಟುಕೊಂಡ ದೇಶ ತನ್ನ ಸೈನಿಕರಿಗೆ ನೆಲೆಯಲ್ಲಿ ಕೊಡುವಷ್ಟೇ, ಅಂಥದ್ದೇ ಆಹಾರವನ್ನು ಕೈದಿಗೂ ಕೊಡಬೇಕು. ಪತ್ರ ಬರೆಯಲು ಬಿಡಬೇಕು. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರೆ ಹೆಚ್ಚೆಂದರೆ ಮೂವತ್ತು ದಿನ ಕೋಣೆಯಲ್ಲಿ ಕೂಡಿಹಾಕಬಹುದು, ಅದಕ್ಕಿಂತ ಮೀರಿ ದಂಡಿಸುವಂತಿಲ್ಲ. 17ನೇ ವಿಧಿ ಓದಿದಾಗ ನನಗೆ ನಿಜಕ್ಕೂ ಅಚ್ಚರಿಯಾಯಿತು: ಕೈದಿಗಳು ಓದು, ಬೌದ್ಧಿಕ ಚಟುವಟಿಕೆ, ಆಟೋಟಗಳನ್ನು ಏರ್ಪಡಿಸಿಕೊಳ್ಳಲು ಹಿಡಿದಿಟ್ಟ ದೇಶ ಆದಷ್ಟೂ ಪ್ರೋತ್ಸಾಹ ಕೊಡಬೇಕು ಎನ್ನುತ್ತದೆ ಅದು. ಹೊಟ್ಟೆಯ ಹಸಿವಿನಂತೆ ಹೊತ್ತಿನ ಹಸಿವೂ ಮನುಷ್ಯನನ್ನು ತಿನ್ನುತ್ತದೆ ಎಂದು ಮೊದಲ ಯುದ್ಧದ ಅನುಭವ ಆ ರಾಜತಾಂತ್ರಿಕರಿಗೆ ಕಲಿಸಿತ್ತು.

ಇದೇ ಕಾನೂನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯ ಸಿಪಾಯಿಯನ್ನು ಕೆಲಸಕ್ಕೆ ಹಚ್ಚಬಹುದು. ಯುದ್ಧಕ್ಕೆ ನೇರ ಸಂಬಂಧಪಟ್ಟ ಕೆಲಸ ಆಗಬಾರದು, ಅಷ್ಟೇ. ಅಧಿಕಾರಿಗಳನ್ನು ಮಾತ್ರ ದುಡಿಸುವಂತಿಲ್ಲ. ಇದು ಅವರಿಗೆ ಕೊಟ್ಟ ಗೌರವ. ಆದರೆ ರಸ್ತೆ ಮಾಡಲು, ತೋಟ ಅಗೆಯಲು ಬೇಲಿಯಾಚೆ ಹೋಗುತ್ತಿದ್ದ ಸಿಪಾಯಿ ಮರ ಕಾಣುತ್ತಿದ್ದ, ಹೊಸ ಮುಖ ಕಾಣುತ್ತಿದ್ದ, ರಾತ್ರಿ ದಣಿದು ನಿದ್ದೆ ಹೋಗುತ್ತಿದ್ದ. ಅಧಿಕಾರಿಗೆ ಉಳಿದದ್ದು ಅದೇ ಅಂಗಳ, ಅದೇ ಬೇಲಿ. ಶಿಬಿರಗಳ ನಾಟಕ, ವಾದ್ಯವೃಂದ, ಭಾಷಾ ತರಗತಿ, ಕೈಬರಹದ ಪತ್ರಿಕೆ ಇವೆಲ್ಲ ಅಧಿಕಾರಿಗಳ ಶಿಬಿರಗಳಲ್ಲೇ ಹೆಚ್ಚಾಗಿ ಬೆಳೆದದ್ದಕ್ಕೆ ಇದೇ ಕಾರಣ. ಫ್ರಾನ್ಸಿನ ಇತಿಹಾಸಕಾರ ಫರ್ನಾಂಡ್ ಬ್ರೊಡೆಲ್ 1940ರಲ್ಲಿ ಸೆರೆಯಾಗಿ ಜರ್ಮನಿಯ ಮೈಂಟ್ಸ್‌ನಲ್ಲಿ, ಆಮೇಲೆ ಲ್ಯೂಬೆಕ್‌ನಲ್ಲಿ ಐದು ವರ್ಷ ಕಳೆದ. ತನ್ನ ಟಿಪ್ಪಣಿಗಳು ಯಾವುವೂ ಕೈಯಲ್ಲಿಲ್ಲದೆ, ಬಹುಪಾಲು ನೆನಪಿನಿಂದಲೇ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಇತಿಹಾಸವನ್ನು ಅಲ್ಲಿ ಬರೆದ. ರಾಜರ ಯುದ್ಧಗಳಿಗಿಂತ ಬೆಟ್ಟ, ಕಡಲು, ಋತುಗಳ ನಿಧಾನಗತಿಯೇ ದೊಡ್ಡದೆಂದು ಅವನಿಗೆ ಕಂಡಿತು. ದಿನದಿನದ ಸುದ್ದಿಯಿಂದ ಮನಸ್ಸನ್ನು ದೂರವಿಡಬೇಕಾದ ಅಗತ್ಯವೂ ತನ್ನನ್ನು ಆ ನೋಟದ ಕಡೆಗೆ ತಳ್ಳಿತು ಎಂದು ಅವನೇ ಮುಂದೆ ನೆನೆಸಿಕೊಂಡಿದ್ದಾನೆ.

ಎಲ್ಲರೂ ಬ್ರೊಡೆಲ್ ಆಗಲಾರರು. ಹೆಚ್ಚಿನವರ ದಿನಕ್ಕೆ ಸ್ವಲ್ಪವಾದರೂ ಚಲನೆ ತಂದದ್ದು ಸಿಗರೇಟು. ಇದನ್ನು ಕೊಂಚ ವಿಸ್ತಾರವಾಗಿ ಹೇಳಬೇಕು.

ಆರ್. ಎ. ರ್‍ಯಾಡ್‌ಫೋರ್ಡ್ ಎಂಬ ಬ್ರಿಟಿಷ್ ಅಧಿಕಾರಿ ಅರ್ಥಶಾಸ್ತ್ರ ಓದಿದವನು; ಮೊದಲು ಇಟಲಿಯಲ್ಲಿ, ಬಳಿಕ ಜರ್ಮನಿಯಲ್ಲಿ ಸೆರೆಯಲ್ಲಿದ್ದ. ತನ್ನ ಸುತ್ತ ಒಂದು ಸಂತೆ ಹೇಗೆ ತಾನಾಗಿ ಹುಟ್ಟಿಕೊಂಡಿತು ಎಂಬುದನ್ನು ಅವನು 1945ರಲ್ಲಿ ಬರೆದ. ರೆಡ್‌ಕ್ರಾಸ್ ಸಂಸ್ಥೆ ಕೈದಿಗಳಿಗೆ ಪೊಟ್ಟಣ ಕಳಿಸುತ್ತಿತ್ತು: ಡಬ್ಬಿ ಹಾಲು, ಜಾಮ್, ಬೆಣ್ಣೆ, ಬಿಸ್ಕತ್ತು, ಡಬ್ಬಿ ಮಾಂಸ, ಚಾಕೊಲೇಟ್, ಸಕ್ಕರೆ, ಸಿಗರೇಟು. ಎಲ್ಲರಿಗೂ ಒಂದೇ ಸಾಮಾನು, ಆದರೆ ಎಲ್ಲರ ನಾಲಿಗೆ ಒಂದೇ ಅಲ್ಲ. ಬೀಡಿ ಸೇದದವನು ಸಿಗರೇಟು ಕೊಟ್ಟು ಚಾಕೊಲೇಟ್ ತಗೊಂಡ. ಚಹಾ ಕುಡಿಯುವ ಇಂಗ್ಲಿಷರ ಪಾಲಿನ ಕಾಫಿ ಫ್ರೆಂಚರ ಕಡೆ ಹೋಯಿತು. ದನದ ಮಾಂಸ ಬೇಡದ ಸಿಖ್ ಸೈನಿಕರು ಅದೇ ಶಿಬಿರದಲ್ಲಿದ್ದರು. ಉರ್ದು ಬಲ್ಲ ಒಬ್ಬ ಅವರಿಂದ ಮಾಂಸದ ಡಬ್ಬಿ ಪಡೆದು ಬದಲಿಗೆ ಬೆಣ್ಣೆ, ಜಾಮ್ ಕೊಟ್ಟು ಲಾಭ ಮಾಡಿದ. ಒಂದು ಭಾಷೆ ಗೊತ್ತಿದ್ದದ್ದೇ ಬಂಡವಾಳವಾಯಿತು. ಐದು ಸಿಗರೇಟು ಮತ್ತು ಒಂದು ಡಬ್ಬಿ ಚೀಸ್ ಹಿಡಿದು ಹೊರಟ ಪಾದ್ರಿಯೊಬ್ಬ, ಶಿಬಿರವನ್ನೊಂದು ಸುತ್ತು ಹಾಕಿ, ಅವೆರಡನ್ನೂ ಉಳಿಸಿಕೊಂಡು ಮೇಲೊಂದು ಇಡೀ ಪೊಟ್ಟಣ ಸಂಪಾದಿಸಿಕೊಂಡು ಬಂದ ಎಂಬ ಕಥೆ ಅಲ್ಲಿ ಮನೆಮಾತಾಗಿತ್ತು.

ನಿಧಾನಕ್ಕೆ ಎಲ್ಲದರ ಬೆಲೆಯೂ ಸಿಗರೇಟಿನಲ್ಲೇ ಗೊತ್ತಾಯಿತು. ಸಿಗರೇಟೇ ರೊಕ್ಕ. ಒಳ್ಳೆಯ ಸಿಗರೇಟನ್ನು ಸೇದಿಬಿಡುತ್ತಿದ್ದರು, ಕಳಪೆಯದು ಕೈಯಿಂದ ಕೈಗೆ ಓಡಾಡುತ್ತಿತ್ತು. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆ ಎಂಬ ಗ್ರೆಶಮ್ ನಿಯಮವನ್ನು ಕಾಲೇಜಿನಲ್ಲಿ ಉರುಹೊಡೆದವರು ಇಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ಸೆಕೆ ಹೆಚ್ಚಾದರೆ ಕೋಕೋ ಬೆಲೆ ಇಳಿಯಿತು, ಸಾಬೂನಿನದು ಏರಿತು. ಈಗಲೇ ಕೈಗೆ ಸಿಗುವ ರೊಟ್ಟಿಗೆ ಒಂದು ಬೆಲೆ, ಗುರುವಾರ ಕೊಡುತ್ತೇನೆಂದು ಮಾತುಕೊಟ್ಟ ರೊಟ್ಟಿಗೆ ಒಂದು ಸಿಗರೇಟು ಕಡಿಮೆ. ಪೊಟ್ಟಣ ಬರುವುದು ನಿಂತಾಗ, ಇದ್ದ ಸಿಗರೇಟೆಲ್ಲ ಹೊಗೆಯಾಗಿ ಹೋಗಿ, ರೊಕ್ಕವೇ ಇಲ್ಲದೆ ಎಲ್ಲ ಬೆಲೆಯೂ ಕುಸಿಯಿತು.

ಅರ್ಥಶಾಸ್ತ್ರದ ತರಗತಿಗಳಲ್ಲಿ ಇದನ್ನು ಹಣದ ಹುಟ್ಟಿಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಸಂತೆ ಇದ್ದಲ್ಲಿ ನಾಳೆ ಇರುತ್ತದೆ. ಜಾಮ್ ಏರುತ್ತದೋ ಇಳಿಯುತ್ತದೋ, ಗುರುವಾರದ ರೊಟ್ಟಿ ಕೊಡುತ್ತೇನೆಂದವನು ಕೊಡುತ್ತಾನೋ ಕೈ ಎತ್ತುತ್ತಾನೋ ಎಂದು ಕಾಯುವವನಿಗೆ ಗುರುವಾರ ಎಂಬುದೊಂದು ಇದೆ. ಬೇಲಿಯಾಚೆಯ ಜಗತ್ತು ಅವನ ಕೈಯಿಂದ ಕಿತ್ತುಕೊಂಡ ವಾಯಿದೆಯನ್ನು, ಚಿಕ್ಕದಾಗಿ, ನಾಲ್ಕು ದಿನದ ಅಳತೆಯಲ್ಲಿ, ಅವನೇ ಹೊಲಿದುಕೊಳ್ಳುತ್ತಿದ್ದ.

ಕಾಗದವೂ ಹಾಗೆಯೇ. ತಿಂಗಳಿಗೆ ಇಂತಿಷ್ಟು ಎಂದು ಎಣಿಸಿ ಕೊಟ್ಟ ಹಾಳೆ, ಎರಡೂ ಕಡೆ ಸೆನ್ಸಾರಿನ ಕತ್ತರಿ, ಸಮುದ್ರದ ದಾರಿ. ಬರೆದದ್ದು ಮನೆ ಸೇರಿ ಉತ್ತರ ಬರುವಷ್ಟರಲ್ಲಿ ಕೇಳಿದ ಪ್ರಶ್ನೆಯೇ ಹಳತಾಗಿರುತ್ತಿತ್ತು. ಆದರೂ ಟಪಾಲು ಬರುವ ದಿನ ಉಳಿದ ದಿನಗಳಂತಲ್ಲ. ಬಂದವನಿಗೆ ಅದು ಹಬ್ಬ, ಬಾರದವನಿಗೆ ಆ ದಿನವೇ ಎಲ್ಲಕ್ಕಿಂತ ಕೆಟ್ಟದ್ದು.

ಹೊತ್ತು ನಿಂತುಹೋದಾಗ ಮನುಷ್ಯ ಯಾವ ಮಟ್ಟಕ್ಕೆ ಹೋಗಬಲ್ಲ ಎಂಬುದಕ್ಕೆ ಕೀನ್ಯಾದ ನಾನ್ಯುಕಿ ಶಿಬಿರದ ಮೂವರು ಇಟಾಲಿಯನ್ನರ ಸಾಹಸದಷ್ಟು ನನ್ನನ್ನು ತಟ್ಟಿದ್ದು ಇನ್ನೊಂದಿಲ್ಲ. ಫೆಲಿಚೆ ಬೆನುಟ್ಸಿ, ಜೊವಾನಿ ಬಲ್ಲೆತ್ತೊ, ವಿಂಚೆನ್ಸೊ ಬರ್ಸೊತ್ತಿ. ಶಿಬಿರದಿಂದ ಮೋಡ ಸರಿದಾಗ ಕೀನ್ಯಾ ಪರ್ವತದ ಹಿಮದ ನೆತ್ತಿ ಕಾಣುತ್ತಿತ್ತು. ಅದನ್ನು ಹತ್ತಬೇಕೆಂದು ಬೆನುಟ್ಸಿ ನಿರ್ಧರಿಸಿದ. ತಪ್ಪಿಸಿಕೊಂಡು ಊರಿಗೆ ಹೋಗುವ ಯೋಚನೆ ಅಲ್ಲ. ಸುತ್ತ ಸಾವಿರಾರು ಮೈಲಿ ಶತ್ರುಗಳ ನೆಲ. ಹತ್ತಿ, ಇಳಿದು, ಮತ್ತೆ ಶಿಬಿರಕ್ಕೇ ಬರುವುದು. ತಿಂಗಳುಗಟ್ಟಲೆ ತಯಾರಿ ನಡೆಯಿತು. ಸುತ್ತಿಗೆಗಳನ್ನು ಬಡಿದು ಹಿಮಗೊಡಲಿ ಮಾಡಿದರು. ಹಾಸಿಗೆಯ ಕತ್ತಾಳೆ ಬಲೆ ಬಿಚ್ಚಿ ಹಗ್ಗ ಹೊಸೆದರು. ಪಾಲಿಗೆ ಬಂದ ಊಟದಲ್ಲಿ ಉಳಿಸಿ ಕೂಡಿಟ್ಟರು. ನಕಾಶೆ ಇಲ್ಲದ್ದರಿಂದ ಮಾಂಸದ ಡಬ್ಬಿಯ ಲೇಬಲ್ಲಿನ ಮೇಲೆ ಅಚ್ಚಾಗಿದ್ದ ಪರ್ವತದ ಚಿತ್ರವನ್ನೇ ನೋಡಿ ದಾರಿ ಊಹಿಸಿದರು. 1943ರ ಜನವರಿಯಲ್ಲಿ ಹೊರಬಿದ್ದರು. ಮುಖ್ಯ ಶಿಖರ ದಕ್ಕಲಿಲ್ಲ, ಹವೆ ಕೆಟ್ಟಿತು. ಬೆನುಟ್ಸಿ, ಬಲ್ಲೆತ್ತೊ ಇಬ್ಬರು 4,985 ಮೀಟರ್ ಎತ್ತರದ ಲೆನಾನಾ ಶಿಖರ ಹತ್ತಿ ಇಟಲಿಯ ಬಾವುಟ ನೆಟ್ಟರು. ಮೂವರೂ ಹಸಿದು, ಎಲುಬಾಗಿ, ಹದಿನೆಂಟು ದಿನದ ಬಳಿಕ ತಾವಾಗಿಯೇ ಶಿಬಿರಕ್ಕೆ ಮರಳಿದರು. 28 ದಿನದ ಕೋಣೆವಾಸದ ಶಿಕ್ಷೆಯಾಯಿತು. ಬ್ರಿಟಿಷ್ ಕಮಾಂಡೆಂಟ್ ಅವರ ಸಾಹಸವನ್ನು ಮೆಚ್ಚಿ ಅದನ್ನು ಏಳು ದಿನಕ್ಕೆ ಇಳಿಸಿದ.

ಇದನ್ನು ಹುಚ್ಚು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ತಿಂಗಳುಗಳಲ್ಲಿ ಆ ಮೂವರಿಗೆ ಒಂದು ತಾರೀಕಿತ್ತು. ಹೊರಡುವ ದಿನ ಎಂಬುದೊಂದಿತ್ತು. ಹಗ್ಗದ ಇಂದಿನ ಗೇಣು ನಿನ್ನೆಯದಕ್ಕಿಂತ ಉದ್ದವಾಗಿತ್ತು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ದೊಮೆನಿಕೊ ಕಿಯೊಕೆತ್ತಿ ಎಂಬ ಕೈದಿ ಮತ್ತು ಅವನ ಸಂಗಾತಿಗಳು ಮಾಡಿದ್ದೂ ಬೇರೆಯಲ್ಲ. ತಗಡಿನ ಎರಡು ಗುಡಿಸಲುಗಳನ್ನು ಜೋಡಿಸಿ, ಒಳಗೋಡೆಗೆ ಚಿತ್ರ ಬರೆದು, ಮಾಂಸದ ಡಬ್ಬಿಯಿಂದ ದೀಪದ ಗೂಡು ಮಾಡಿ, ಒಂದು ಪ್ರಾರ್ಥನಾ ಮಂದಿರ ಕಟ್ಟಿದರು. ಕೈದಿಗಳನ್ನೆಲ್ಲ ಅಲ್ಲಿಂದ ಸಾಗಿಸಿದಾಗಲೂ ಕಿಯೊಕೆತ್ತಿ ಕೆಲಸ ಮುಗಿಸಲು ಕೆಲವು ದಿನ ಹೆಚ್ಚಿಗೆ ಉಳಿದ. ಆ ಮಂದಿರ ಇಂದಿಗೂ ಇದೆ.

ಖಾಲಿ ಹೊತ್ತೇ ಶತ್ರುವಲ್ಲ ಎಂಬುದಕ್ಕೆ ನಮ್ಮ ಊರಲ್ಲೇ ಸಾಕ್ಷಿಯಿದೆ. 1896ರ ಅಕ್ಟೋಬರಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ಯುವಕ ತನ್ನ ಕುದುರೆಪಡೆಯ ಜೊತೆ ಬೆಂಗಳೂರು ದಂಡಿಗೆ ಬಂದ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ, ನಡುವೆ ಉದ್ದನೆಯ ಬಿಸಿಲಿನ ಹೊತ್ತು. ಆ ಹೊತ್ತಿನಲ್ಲಿ ಅವನು ಇಂಗ್ಲೆಂಡಿನಿಂದ ತಾಯಿ ಕಳಿಸಿದ ಇತಿಹಾಸ, ತತ್ವಶಾಸ್ತ್ರದ ಗ್ರಂಥಗಳನ್ನು ದಿನಕ್ಕೆ ನಾಲ್ಕೈದು ಗಂಟೆ ಓದಿದ. ಕಾಲೇಜಿಗೆ ಹೋಗದವನ ಕಾಲೇಜು ಬೆಂಗಳೂರಿನ ಮಧ್ಯಾಹ್ನಗಳು. ಮೂರೇ ವರ್ಷದ ಬಳಿಕ, 1899ರ ನವೆಂಬರ್ 15ರಂದು, ಅದೇ ಮನುಷ್ಯ ದಕ್ಷಿಣ ಆಫ್ರಿಕದಲ್ಲಿ ಬೋಯರರಿಗೆ ಸೆರೆಸಿಕ್ಕ. ಪ್ರಿಟೋರಿಯದ ಒಂದು ಶಾಲೆಯ ಕಟ್ಟಡದಲ್ಲಿ ಇಟ್ಟರು. ಊಟ ಕೆಟ್ಟದಿರಲಿಲ್ಲ, ಹೊಡೆತ ಬಡಿತ ಇರಲಿಲ್ಲ, ಓದಲು ಪುಸ್ತಕಗಳೂ ಸಿಗುತ್ತಿದ್ದವು. ಓದಲು ಆಗಲಿಲ್ಲ. ತನ್ನ ಇಡೀ ಬಾಳಿನಲ್ಲಿ ಅಷ್ಟು ದ್ವೇಷಿಸಿದ ಕಾಲ ಇನ್ನೊಂದಿಲ್ಲ ಎಂದು ಅವನು ಮುಂದೆ ಬರೆದ. ಇಪ್ಪತ್ತೇಳೇ ದಿನ, ಡಿಸೆಂಬರ್ 12ರ ರಾತ್ರಿ ಗೋಡೆ ಹಾರಿ ಓಡಿದ. ಬೆಂಗಳೂರಿನ ಬಿಡುವಿಗೆ ಸಂಜೆಯ ಪೋಲೊ ಇತ್ತು. ಪ್ರಿಟೋರಿಯದ ಬಿಡುವಿನ ಆಚೆ ಏನೂ ಇರಲಿಲ್ಲ.

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಾಗ ನಮಗೂ ಇದರ ನೆರಳು ತಾಕಿತು. ಮೊದಲು ಹೇಳಿದ್ದು 21 ದಿನ. ನಮ್ಮ ಮನೆಯಲ್ಲಿ ಹಪ್ಪಳ ಹಾಕಿದರು, ಅಟ್ಟ ಗುಡಿಸಿದರು, ಹಳೆಯ ಆಲ್ಬಮ್ ತೆಗೆದರು. ಮೇ 3ರವರೆಗೆ ಎಂದಾಗ ಮಾತು ಕಡಿಮೆಯಾಯಿತು. ಮೇ 17, ಮೇ 31 ಎಂದು ಮುಂದೆ ಮುಂದೆ ಹೋದಂತೆ ವಾರದ ಹೆಸರುಗಳೇ ಕಲಸಿಹೋದವು. ಮನೆ ಸೆರೆಮನೆಯಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕೈದಿಗಳಿಗೆ ಮಾಡುವ ಅನ್ಯಾಯ. ತಾರೀಕು ಜಾರುವುದು ಮನಸ್ಸಿಗೆ ಏನು ಮಾಡುತ್ತದೆ ಎಂಬ ಒಂದು ಹನಿ ಮಾತ್ರ ನಮ್ಮ ನಾಲಿಗೆಗೂ ಬಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಬೇಸರ ಒಂದು ದೊಡ್ಡ ದುಃಖವಾಗಿ ಕಾಣುವುದು ಅನ್ನ ಸಿಗುವ ಶಿಬಿರದಲ್ಲಿ ಮಾತ್ರ. ಜರ್ಮನಿಯ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಹಸಿವು, ಚಳಿ, ರೋಗ, ಗುಂಡಿಗೆ ಸತ್ತರು. ಬರ್ಮಾದ ರೈಲುಹಾದಿ ಹಾಕಲು ಜಪಾನಿಯರು ದುಡಿಸಿದ ಕೈದಿಗಳಿಗೆ ಬೇಸರಪಡಲು ಬಿಡುವೇ ಇರಲಿಲ್ಲ. 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ಸೆರೆಯಾದವರಲ್ಲಿ ನಮ್ಮವರೇ ಹತ್ತಾರು ಸಾವಿರ. ಬೆಂಗಳೂರಿನ ಇಟಾಲಿಯನ್ನರ ಬೇಸರದ ಬಗ್ಗೆ ಬರೆಯುವಾಗ ಇದನ್ನು ಮರೆತರೆ ಬರೆದದ್ದೆಲ್ಲ ಹಗುರಾಗುತ್ತದೆ.

ಆದರೂ ಆ ಇಟಾಲಿಯನ್ನರ ಪಾಡಿನಲ್ಲಿ ವಿಚಿತ್ರವಾದ ಒಂದು ತಿರುವಿದೆ. 1943ರ ಸೆಪ್ಟೆಂಬರ್ 8ರಂದು ಇಟಲಿ ಶರಣಾದ ಸುದ್ದಿ ಹೊರಬಿತ್ತು. ಅಕ್ಟೋಬರ್ 13ರಂದು ಅದು ಜರ್ಮನಿಯ ಮೇಲೆಯೇ ಯುದ್ಧ ಸಾರಿತು. ಸೆರೆಯಲ್ಲಿದ್ದವನಿಗೆ ಈಗ ಯಾರು ಶತ್ರು? ಅವನು ಯಾರ ಕೈದಿ? ಬ್ರಿಟಿಷರು ಅವರನ್ನು ಸಹಕರಿಸುವವರು, ಸಹಕರಿಸದವರು ಎಂದು ವಿಂಗಡಿಸಿದರು. ಒಂದೇ ಸಾಲಿನಲ್ಲಿ ನಿಂತು ಸೂಪು ಹಾಕಿಸಿಕೊಂಡವರು ಮುಸೊಲಿನಿಯ ಪರ, ರಾಜನ ಪರ ಎಂದು ಒಡೆದುಹೋದರು. ಮನೆಗೆ ಮಾತ್ರ ಯಾರೂ ಹೋಗಲಿಲ್ಲ. ಜರ್ಮನಿ ಸೋತಿತು, ಜಪಾನ್ ಸೋತಿತು. ಭಾರತದಲ್ಲಿದ್ದ ಬಹಳಷ್ಟು ಇಟಾಲಿಯನ್ನರು ಹಡಗು ಹತ್ತಿದ್ದು 1946ರಲ್ಲಿ. 1941ರ ಆರಂಭದಲ್ಲಿ ಸೆರೆಯಾದವನಿಗೆ ಅದು ಐದು ವರ್ಷ.

ಈ ಎಳೆದಾಟಕ್ಕೆ ಕಾನೂನಿನ ಮಾತಿನಲ್ಲೇ ಒಂದು ಸಂದು ಇತ್ತು. 1929ರ ಒಪ್ಪಂದ ಬಿಡುಗಡೆಯನ್ನು ‘ಶಾಂತಿ ಒಪ್ಪಂದ’ಕ್ಕೆ ಗಂಟುಹಾಕಿತ್ತು. ಗುಂಡಿನ ಸದ್ದು ನಿಂತ ಮೇಲೂ ಶಾಂತಿ ಒಪ್ಪಂದಕ್ಕೆ ವರ್ಷಗಳು ಬೇಕಾಗಬಹುದು. ಇಟಲಿಯ ಒಪ್ಪಂದಕ್ಕೆ ಸಹಿ ಬಿದ್ದದ್ದೇ 1947ರ ಫೆಬ್ರುವರಿ 10ರಂದು. ಇದನ್ನು ಕಂಡೇ 1949ರ ಹೊಸ ಜಿನೀವಾ ಒಪ್ಪಂದದ 118ನೇ ವಿಧಿ ಮಾತು ಬದಲಿಸಿತು: ಕಾಳಗ ನಿಂತ ಕೂಡಲೇ, ತಡಮಾಡದೆ, ಕೈದಿಗಳನ್ನು ಬಿಟ್ಟು ಊರಿಗೆ ಕಳಿಸಬೇಕು. ವಾಯಿದೆಯಿಲ್ಲದ ಸೆರೆಗೆ ವಾಯಿದೆ ಕೊಡಲು ಮಾಡಿದ ಪ್ರಯತ್ನ ಇದು.

ಅದು ನಡೆದ ಬಗೆಯನ್ನು ನಾವು ನಮ್ಮದೇ ಯುದ್ಧಗಳಲ್ಲಿ ನೋಡಿದ್ದೇವೆ. 1965ರ ಯುದ್ಧದ ಕೊನೆಯ ದಿನ ಕೊಡಗಿನ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್ ಕೆ. ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಜೊತೆ ಒಂದೇ ಸೇನೆಯಲ್ಲಿದ್ದವರು. ಮಗನನ್ನು ಬೇಕಾದರೆ ಬಿಡುತ್ತೇವೆ ಎಂದು ಹೇಳಿಕಳಿಸಿದರು. ಎಲ್ಲ ಸೈನಿಕರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬುದು ತಂದೆಯ ಉತ್ತರವಾಗಿತ್ತು. ಮಗ ಸುಮಾರು ನಾಲ್ಕು ತಿಂಗಳು ಸೆರೆಯಲ್ಲಿದ್ದು 1966ರ ಜನವರಿಯಲ್ಲಿ ಮರಳಿದರು.

1971ರಲ್ಲಿ ಹಾಗಾಗಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಪಡೆ ಶರಣಾಯಿತು. ನಾಗರಿಕರೂ ಸೇರಿ ಸುಮಾರು 93,000 ಜನ ಭಾರತದ ವಶಕ್ಕೆ ಬಂದರು. ಮರುದಿನ ಕದನವಿರಾಮ. 118ನೇ ವಿಧಿಯನ್ನು ಅಕ್ಷರಕ್ಕೆ ಅಕ್ಷರ ಓದಿದರೆ ಅವರು ಬೇಗ ಹೋಗಬೇಕಿತ್ತು. ಶರಣಾದದ್ದು ಭಾರತ ಮತ್ತು ಬಾಂಗ್ಲಾದೇಶದ ಜಂಟಿ ಪಡೆಗೆ, ಹಾಗಾಗಿ ಬಾಂಗ್ಲಾದೇಶದ ಒಪ್ಪಿಗೆ ಬೇಕು ಎಂಬುದು ಭಾರತದ ನಿಲುವಾಗಿತ್ತು. ಆ ನಿಲುವಿನ ಹಿಂದೆ ಪೂರ್ವ ಬಂಗಾಳದಲ್ಲಿ ನಡೆದ ಘೋರಗಳ ಭಾರವೂ ಇತ್ತು. 1972ರ ಜುಲೈನ ಸಿಮ್ಲಾ ಒಪ್ಪಂದದಲ್ಲೂ ಅವರ ಪ್ರಶ್ನೆ ಬಗೆಹರಿಯಲಿಲ್ಲ. 1973ರ ಆಗಸ್ಟ್ 28ರ ದೆಹಲಿ ಒಪ್ಪಂದದ ಬಳಿಕವೇ ರೈಲುಗಳು ವಾಘಾ ಕಡೆ ಹೊರಟದ್ದು. ಕೊನೆಯ ಗುಂಪು ದಾಟಿದ್ದು 1974ರ ಏಪ್ರಿಲ್‌ನಲ್ಲಿ. ರಾಜಕಾರಣದ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಆ ಎರಡು ವರ್ಷಗಳ ಒಂದೊಂದು ಬೆಳಿಗ್ಗೆಯೂ ಎಣಿಕೆಗೆ ನಿಂತ ಸಿಪಾಯಿಗೆ ‘ಇನ್ನೆಷ್ಟು ದಿನ’ ಎಂಬುದಕ್ಕೆ ಉತ್ತರ ಇರಲಿಲ್ಲ ಎಂಬುದೂ ನಿಜ.

ಆ ಪ್ರಶ್ನೆಯನ್ನು ಒಬ್ಬ ಕೈದಿಯ ಸ್ವಂತ ದನಿಯಲ್ಲೇ ಇಂದಿಗೂ ಕೇಳಬಹುದು. ಮೊದಲ ಮಹಾಯುದ್ಧದಲ್ಲಿ ಜರ್ಮನರು ಬರ್ಲಿನ್ ಬಳಿಯ ವ್ಯೂನ್ಸ್‌ಡೋರ್ಫ್‌ನಲ್ಲಿ ಭಾರತದ ಸೈನಿಕರನ್ನು ಇಟ್ಟಿದ್ದರು. ಭಾಷಾ ವಿದ್ವಾಂಸರು ಅಲ್ಲಿಗೆ ಹೋಗಿ ಅವರ ಮಾತು, ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದರು. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿ ಅವು ಉಳಿದಿವೆ. 1916ರ ಡಿಸೆಂಬರಿನಲ್ಲಿ ಮಲ್ ಸಿಂಗ್ ಎಂಬ ಪಂಜಾಬಿನ ಸಿಪಾಯಿ ಆ ಯಂತ್ರದ ಕೊಳವೆಯ ಮುಂದೆ ನಿಂತ. ‘ನಾನು’ ಎಂದು ಅವನು ಹೇಳುವುದಿಲ್ಲ. ಒಬ್ಬ ಮನುಷ್ಯ ಇದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಎರಡೆರಡು ಸೇರು ಹಾಲು ಕುಡಿಯುತ್ತಿದ್ದ ಎಂದು ಕಥೆಯಂತೆ ಶುರುಮಾಡುತ್ತಾನೆ. ಆ ಮನುಷ್ಯ ಯುರೋಪಿನ ಯುದ್ಧಕ್ಕೆ ಬಂದ, ಜರ್ಮನಿ ಅವನನ್ನು ಹಿಡಿಯಿತು. ಅವನಿಗೆ ಹಿಂದೂಸ್ತಾನಕ್ಕೆ ಹೋಗಬೇಕು. ಮೂರು ವರ್ಷ ಕಳೆದವು, ಯುದ್ಧ ಯಾವಾಗ ನಿಲ್ಲುತ್ತದೋ ಸುದ್ದಿಯೇ ಇಲ್ಲ. ಇನ್ನೆರಡು ವರ್ಷ ಇಲ್ಲಿದ್ದರೆ ಸತ್ತುಹೋಗುತ್ತಾನೆ, ದೇವರು ದಯೆ ತೋರಿದರೆ ಬೇಗ ಶಾಂತಿಯಾಗುತ್ತದೆ, ಆಗ ಇಲ್ಲಿಂದ ಹೊರಟುಬಿಡುತ್ತೇವೆ ಎನ್ನುತ್ತಾನೆ. ಅಲ್ಲಿಗೆ ತಟ್ಟೆ ಮುಗಿಯುತ್ತದೆ. ಯುದ್ಧ ನಿಲ್ಲಲು ಆಗ ಇನ್ನೂ ಇಪ್ಪತ್ತಮೂರು ತಿಂಗಳಿತ್ತು.